ಹದಿನಾಲ್ಕನೆಯ ಪ್ರಶ್ನೆ

ಬಿಟರ್ ವಾಶ್, ಅರಿಜೋನಾ
11 ಫೆಬ್ರುವರಿ 1979

ರೇಮಂಡ್,

ಖಾಲಿ ಜಾಗಕ್ಕೆ ಹೆದರಬೇಡ ಅಂದೆಯೋ, ಖಾಲಿ ಜಾಗ ಬಿಡಬೇಡ ಅಂದೆಯೋ, ಅದೇ ನೆನಪಿಗೆ ಬರುತ್ತಿಲ್ಲ. ಕ್ರಿಸ್ಮಸ್ ಮುಗಿಸಿ ನೀನು ಹೊರಟಾಗ ಪಿಕಪ್ಪಿನ ಎಂಜಿನ್ ಗುರುಗುಡುತ್ತಿತ್ತು, ಕಿಟಕಿಯ ಗಾಜು ಅರ್ಧ ಮಾತ್ರ ಇಳಿದಿತ್ತು. ಶಾಲೆಯ ಅರ್ಜಿಯ ಬಗ್ಗೆ ಏನೋ ಹೇಳುತ್ತಿದ್ದೀಯ ಎಂದಷ್ಟೇ ಗೊತ್ತಾಗಿ ತಲೆಯಾಡಿಸಿದ್ದೆ.

ಈಗ ಆ ಅರ್ಜಿ ನನ್ನ ಮುಂದಿದೆ. ಶಾಲಾ ಮಂಡಳಿಯ ಕಾರ್ಯದರ್ಶಿ ಎಂದಮೇಲೆ ಇಪ್ಪತ್ತೆರಡು ಪುಟವನ್ನೂ ನಾನೇ ತುಂಬಬೇಕು, ತುಂಬಿದ್ದನ್ನು ಇಂಗ್ಲಿಷ್ ಬಾರದ ಉಳಿದ ನಾಲ್ವರಿಗೆ ನಮ್ಮ ಬುಡಕಟ್ಟಿನ ಮಾತಿನಲ್ಲಿ ಓದಿ ಹೇಳಬೇಕು. ಮಾರ್ಚ್ ಮೂವತ್ತರೊಳಗೆ ಅದು ವಾಷಿಂಗ್ಟನ್ನಿನ ನಿಮ್ಮ ಕಚೇರಿ ಸೇರಿ, ಆಮೇಲೆ ಒಪ್ಪಿಗೆಯಾಗದಿದ್ದರೆ ಜೂನ್ ಕೊನೆಗೆ ನಮ್ಮ ಒಪ್ಪಂದ ಮುಗಿಯುತ್ತದೆ. ಶಾಲೆ ನಮ್ಮ ಕೈ ತಪ್ಪುತ್ತದೆ, ಅರವತ್ತನಾಲ್ಕು ಮಕ್ಕಳು ತೊಂಬತ್ತು ಮೈಲಿಯಾಚೆಯ ಸರ್ಕಾರದ ಆ ವಸತಿ ಶಾಲೆಗೆ ಹೋಗುತ್ತಾರೆ. ನೀನೂ ನಾನೂ ಬೆಳೆದ ಅದೇ ಶಾಲೆಗೆ. ನೋಡು, ಆಗಬಾರದ್ದನ್ನು ಬರೆಯಬಾರದು, ನಾನೂ ಬರೆದುಬಿಟ್ಟೆ.

ಹದಿಮೂರು ಪ್ರಶ್ನೆಗಳವರೆಗೆ ತೊಂದರೆಯಾಗಲಿಲ್ಲ. ಹದಿನಾಲ್ಕನೆಯದು ಹೀಗಿದೆ: ಮಂಡಳಿಗೆ ಶಾಲೆ ನಡೆಸಲು ಸಾಧ್ಯವಾಗದೆ ಹೋದರೆ ಮಕ್ಕಳನ್ನು ಎಲ್ಲಿಗೆ, ಹೇಗೆ ಸಾಗಿಸಲಾಗುವುದು, ವಿವರಿಸಿ. ಇದನ್ನು ನಮ್ಮ ಮಾತಿಗೆ ತಂದೆ. ನಮ್ಮಲ್ಲಿ 'ನಿಂತರೆ' ಎನ್ನುವುದಕ್ಕೂ 'ನಿಂತಾಗ' ಎನ್ನುವುದಕ್ಕೂ ಒಂದೇ ಬಾಲ ಎಂಬುದು ನಿನಗೆ ಮರೆತಿರಲಾರದು. ನನ್ನ ಬಾಯಿಂದ ಬಂದದ್ದು, ಶಾಲೆ ನಿಂತಾಗ ಮಕ್ಕಳನ್ನು ಎಲ್ಲಿಗೆ ಒಯ್ಯುತ್ತೀರಿ ಎಂದು. ಒಲೆಯ ಮೇಲಿನ ಕಾಫಿ ಉಕ್ಕಿತು, ಅದನ್ನು ಯಾರೂ ಇಳಿಸಲಿಲ್ಲ.

ನಾನಬಾ ಅಜ್ಜಿ ಅಧ್ಯಕ್ಷರ ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದರು. ಅವರು ಕೇಳಿದರು: "ಇದನ್ನ ಕೇಳ್ತಿರೋದು ಯಾರು? ನಮ್ಮ ಮೇಲೆ ಅವರಿಗೇನು ಸಿಟ್ಟು?"

ಸಿಟ್ಟಲ್ಲ, ಎಲ್ಲ ಶಾಲೆಗಳನ್ನೂ ಹೀಗೇ ಕೇಳುತ್ತಾರೆ ಎಂದೆ. ಅದಕ್ಕೆ ಮಂಡಳಿಯ ವಿಲ್ಸನ್ ಬಿಟ್ಸುಯಿ ಟೋಪಿ ತೆಗೆದು ಮೊಣಕಾಲಿನ ಮೇಲಿಟ್ಟು, "ಹಂಗಾದ್ರೆ ನಾವೂ ಒಂದು ಕೇಳಿ ಕಳಿಸೋಣ. ಅವರ ಸರ್ಕಾರ ಬಿದ್ದಾಗ ಅವರನ್ನೆಲ್ಲ ಯಾವ ಹಾಸ್ಟೆಲಿಗೆ ಕಳಿಸ್ತಾರಂತೆ?" ಎಂದರು. ಎಲ್ಲರೂ ನಕ್ಕರು, ಅಜ್ಜಿ ನಗಲಿಲ್ಲ. ಬಾಯಿಂದ ಬಂದ ಮಾತು ದಾರಿ ಹಿಡಿದು ನಡೆಯುತ್ತದೆ, ಅದನ್ನು ನಾವೇ ಕರೆಯುವುದು ಬೇಡ, ಬಿಡು ಎಂದರು.

ಮುಖ್ಯೋಪಾಧ್ಯಾಯ ಡೋಲನ್ ಒಳ್ಳೆಯವರು. ಒಂದು ಸಾಲು ಗೀಚಿದರಾಯಿತು ಎನ್ನುತ್ತಾರೆ. ಆ ಒಂದು ಸಾಲನ್ನು ಓದಿ ಹೇಳಬೇಕಾದವಳು ನಾನು. ಅದನ್ನು ಖಾಲಿ ಬಿಟ್ಟರೆ ನಡೆಯುತ್ತದೆಯೇ? ನಿನ್ನ ಮೇಜಿನ ಮೇಲೇ ಬರುವ ಕಾಗದವಲ್ಲವೇ.

ಐಲೀನ್


ವಾಷಿಂಗ್ಟನ್
24 ಫೆಬ್ರುವರಿ 1979

ಅಕ್ಕಾ,

ನಾನು ಏನಂದೆ ಎನ್ನುವುದು ನನಗೂ ನೆನಪಿಲ್ಲ. ಆದರೆ ಖಾಲಿ ಬಿಡುವಂತಿಲ್ಲ.

ಅರ್ಜಿಗಳು ಮೊದಲು ನನ್ನ ಮೇಜಿಗೆ ಬರುವುದು ನಿಜ. ನಾನು ಮಾಡುವುದು ಪುಟ ಎಣಿಸುವುದು, ಬಿಟ್ಟ ಜಾಗಗಳನ್ನು ಗುರುತಿಸುವುದು, ಮೇಲಕ್ಕೆ ಕಳಿಸುವುದು. ಮೇಲಿನವರು ಗುರುತುಗಳನ್ನು ಮಾತ್ರ ನೋಡುತ್ತಾರೆ. ಹೋದ ವರ್ಷ ಒಂದು ಶಾಲೆಯ ಅರ್ಜಿ ದಿನಾಂಕ ತಪ್ಪಾಗಿದ್ದಕ್ಕೆ ವಾಪಸಾಯಿತು, ಅವರು ತಿದ್ದಿ ಕಳಿಸುವಷ್ಟರಲ್ಲಿ ಗಡುವು ಮುಗಿದಿತ್ತು.

ಹದಿನಾಲ್ಕನೆಯ ಪ್ರಶ್ನೆ ಶಾಪವಲ್ಲ ಎಂದು ಅಜ್ಜಿಗೆ ಹೇಳು. ಇಲ್ಲಿ ಮನೆ ಕೊಳ್ಳುವವನು ಬೆಂಕಿ ಬೀಳುವುದರ ಬಗ್ಗೆಯೂ ಒಂದು ಕಾಗದಕ್ಕೆ ಸಹಿ ಹಾಕುತ್ತಾನೆ, ಅದರಿಂದ ಅವನ ಮನೆ ಸುಡುವುದಿಲ್ಲ. ಏನಾದರೂ ಬರೆಯಿರಿ. ಬರೀ ಕಾಗದ ಅದು. ಯಾರೂ ತೆಗೆದು ಓದುವುದಿಲ್ಲ.

ಕಳೆದ ವಾರ ಇಲ್ಲಿ ಹಿಮ ಬಿತ್ತು, ಊರಿಗೆ ಊರೇ ಮೂರು ದಿನ ನಿಂತಿತು. ಒಂದು ಹಿಮಕ್ಕೆ ಇಷ್ಟು ದೊಡ್ಡ ಊರು ನಿಲ್ಲುತ್ತದೆ ಎಂದು ಯಾರೂ ಮೊದಲೇ ಬರೆದಿಟ್ಟಿರಲಿಲ್ಲ. ಬಿಟ್ಸುಯಿಗೆ ಹೇಳು, ನಗುತ್ತಾರೆ.

ಇನ್ನೊಂದು ಮಾತು. ಬಿಟರ್ ವಾಶ್ ನನ್ನ ಊರು ಎಂದು ಇಲ್ಲಿ ಯಾರಿಗೂ ಹೇಳಿಲ್ಲ. ಕಚೇರಿಯ ವಿಳಾಸಕ್ಕೆ ಬರೆಯಬೇಡ, ಮನೆಗೆ ಬರೆ.

ರೇಮಂಡ್


ಬಿಟರ್ ವಾಶ್
25 ಮಾರ್ಚ್ 1979

ರೇಮಂಡ್,

ಅರ್ಜಿಯನ್ನು ನಿನ್ನೆ ಅಂಚೆಗೆ ಹಾಕಿದೆ. ಖಾಲಿ ಬಿಟ್ಟಿಲ್ಲ.

ಎರಡನೆಯ ಸಭೆ ಬೆಳಿಗ್ಗೆ ಶುರುವಾಗಿ ಕುರಿಗಳನ್ನು ದೊಡ್ಡಿಗೆ ಹೊಡೆಯುವ ಹೊತ್ತಿನವರೆಗೆ ನಡೆಯಿತು. ಮನೆ ಸುಡುವ ನಿನ್ನ ಕಾಗದದ ಕಥೆ ಹೇಳಿದೆ. ಬಿಟ್ಸುಯಿ, ಆ ಆಸಾಮಿ ಸಹಿ ಹಾಕಿದ ದಿನದಿಂದ ನಿದ್ದೆ ಮಾಡಿದ್ದಾನೋ ಇಲ್ಲವೋ ಅದನ್ನೂ ಕೇಳು ಎಂದರು. ಒಬ್ಬೊಬ್ಬರೂ ತಮ್ಮ ಸರದಿ ಬಂದಾಗ ತಮ್ಮ ಕುಲ ಹೇಳಿ, ತಾವು ಓದಿದ ಶಾಲೆಯ ಕಥೆ ಹೇಳಿ, ಪ್ರಶ್ನೆಯ ಹತ್ತಿರಕ್ಕೂ ಹೋಗದೆ ಕೂತರು. ಡೋಲನ್ ಗಡಿಯಾರ ನೋಡಿ ನೋಡಿ ಕಡೆಗೆ ಅದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡರು. ಆ ಮನುಷ್ಯ ಕಲಿಯುತ್ತಿದ್ದಾರೆ.

ನನ್ನ ಸರದಿಯಲ್ಲಿ ನಾನು ನಿನ್ನ ಕಥೆ ಹೇಳಿದೆ. ಕೇಳದೆ ಹೇಳಿದ್ದಕ್ಕೆ ಬೇಸರ ಬೇಡ. ವಸತಿ ಶಾಲೆಯ ಮೊದಲ ವರ್ಷ ನೀನು ಒಂದೂ ಮಾತಾಡದೆ ಇದ್ದದ್ದು, ಅಲ್ಲಿನ ಮೇಲ್ವಿಚಾರಕಿ ಮೇಟ್ರನ್ ನಿನ್ನನ್ನು ಕಿವುಡ ಎಂದು ದಾಖಲೆಯಲ್ಲಿ ಬರೆದದ್ದು. ಅಜ್ಜಿ, ಅವನು ಈಗ ಮಾತಾಡುತ್ತಾನಾ ಎಂದು ಕೇಳಿದರು. ತುಂಬಾ ಮಾತಾಡುತ್ತಾನೆ, ಇಂಗ್ಲಿಷಿನಲ್ಲಿ ಎಂದೆ.

ಕೊನೆಗೆ ಅಜ್ಜಿ ಉತ್ತರ ಹೇಳಿದರು, ನಾನು ಹಾಗೆಯೇ ಇಂಗ್ಲಿಷಿಗೆ ತಂದು ಬರೆದೆ: ಶಾಲೆ ಇಲ್ಲೇ ಇರುತ್ತದೆ. ಮಕ್ಕಳು ಇಲ್ಲೇ ಇರುತ್ತಾರೆ. ಬರುವ ವರ್ಷ ಅಡುಗೆಮನೆಗೆ ಇನ್ನೊಂದು ಗೋಡೆ ಏಳುತ್ತದೆ. ಅಷ್ಟೇ, ಮೂರು ಸಾಲು. ಕೊನೆಯ ಪುಟದಲ್ಲಿ ಅವರು ಹೆಬ್ಬೆಟ್ಟು ಒತ್ತಿದರು, ಉಳಿದವರೂ ಒತ್ತಿದರು, ನಾನು ಸಹಿ ಹಾಕಿದೆ. ಬಿಳಿಯ ಕಾಗದದ ಮೇಲೆ ನಾಲ್ಕು ಹೆಬ್ಬೆಟ್ಟು ಒಂದು ಸಹಿ ನೋಡುವಾಗ ನನ್ನದೇ ಕಳ್ಳ ಗುರುತು ಎನ್ನಿಸಿತು.

ಇದು ಉತ್ತರವೆಂದು ನಿಮ್ಮವರು ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ. ಒಪ್ಪಬೇಕು. ಎಲ್ಸಿಯ ಮಗಳು ಲುಸೀಟಾ ಈ ವರ್ಷ ಒಂದನೆಯ ತರಗತಿ. ಹಳ್ಳದಾಚೆಯಿಂದ ಬರುವ ಮೂರು ಮಕ್ಕಳಲ್ಲಿ ಅವಳೇ ಚಿಕ್ಕವಳು. ದಿನವಿಡೀ ಎರಡು ಭಾಷೆಯಲ್ಲೂ ಜಗಳವಾಡುತ್ತಾಳೆ. ದೊಡ್ಡಮ್ಮನ ಮಗಳ ಮಗಳು, ನೀನು ಅವಳಿಗೆ ಸೋದರಮಾವ. ಮಾವ ಹೇಗಿರುತ್ತಾನೆ ಎಂದು ಕೇಳಿದಳು. ಟೈ ಹಾಕಿಕೊಂಡಿರುತ್ತಾನೆ ಎಂದೆ.

ಐಲೀನ್


ವಾಷಿಂಗ್ಟನ್
9 ಏಪ್ರಿಲ್ 1979

ಅಕ್ಕಾ,

ಅರ್ಜಿ ನನ್ನ ಮೇಜು ದಾಟಿ ಮೇಲಕ್ಕೆ ಹೋಗಿದೆ. ಯಾವ ಗುರುತೂ ಇಲ್ಲದೆ ಹೋಗಿದೆ. ಮೇ ತಿಂಗಳಲ್ಲಿ ನಿಮಗೆ ಅಧಿಕೃತ ಕಾಗದ ಬರುತ್ತದೆ, ಅಲ್ಲಿಯವರೆಗೆ ಯಾರಿಗೂ ಹೇಳಬೇಡ. ಹೇಗೆ ಎಂದು ಕೇಳಲೂ ಬೇಡ.

ಆ ಮೇಟ್ರನ್ ಬರೆದದ್ದು ಕಿವುಡ ಎಂದಲ್ಲ. ಮಂದ ಎಂದು.

ರೇಮಂಡ್


ಬಿಟರ್ ವಾಶ್
20 ಮೇ 1979

ರೇಮಂಡ್,

ಕಾಗದ ಬಂತು. ಇನ್ನು ಮೂರು ವರ್ಷ ಶಾಲೆ ನಮ್ಮದು.

ಎರಡು ಕುರಿ ಕಡಿದೆವು. ಊರಿನ ಸಭೆ ಸೇರುವ ಚಾಪ್ಟರ್ ಮನೆಯ ಹಿಂದೆ ಹೆಂಗಸರು ರೊಟ್ಟಿ ಕರಿಯುತ್ತಿದ್ದರು, ಡೋಲನ್ ಏಪ್ರನ್ ಕಟ್ಟಿಕೊಂಡು ಹಿಟ್ಟು ತಟ್ಟಲು ಹೋಗಿ ಎಲ್ಲರಿಂದ ಬೈಸಿಕೊಂಡರು. ಅಜ್ಜಿ ಆ ಕಾಗದವನ್ನು ಕೈಯಲ್ಲಿ ಹಿಡಿದು ತೂಕ ನೋಡಿದರು. ಆಮೇಲೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು: "ವಾಷಿಂಗ್ಟನ್‌ಗೆ ಕಡೆಗೂ ಕಿವಿ ಬಂತು ನೋಡ್ರಪ್ಪಾ. ನಾವು ಒಳ್ಳೇದು ಹೇಳಿದ್ವಿ, ಅವರು ಒಳ್ಳೇದು ಕೇಳಿಸ್ಕೊಂಡ್ರು."

ಅವರಿಗೆ ಎಪ್ಪತ್ತಾರು ವರ್ಷ. ಸರ್ಕಾರದ ಕಾಗದವೊಂದು ತಮ್ಮ ಮಾತನ್ನು ತಮ್ಮ ಮಾತಾಗಿಯೇ ತೆಗೆದುಕೊಂಡದ್ದು ಇದೇ ಮೊದಲು ಎಂದರು. ಅವರು ಕಣ್ಣೊರೆಸಿಕೊಂಡದ್ದನ್ನು ನಾನು ನೋಡಲಿಲ್ಲ ಎಂದು ಇಟ್ಟುಕೊಳ್ಳೋಣ.

ಈಗ ಇನ್ನೊಂದು ಸುದ್ದಿ. ನಮ್ಮ ಉತ್ತರದ ವಿಷಯ ಸುತ್ತಲೂ ಹಬ್ಬಿದೆ. ಉತ್ತರ ದಿಕ್ಕಿನ ಕಣಿವೆಯ ಎರಡು ಶಾಲೆಗಳ ಮಂಡಳಿಯವರು ಟ್ರಕ್ಕು ಕಟ್ಟಿಕೊಂಡು ಬಂದು ಆ ಮೂರು ಸಾಲನ್ನು ಬರೆದುಕೊಂಡು ಹೋದರು. ಅವರ ಅರ್ಜಿಗೆ ಜೂನ್ ಹದಿನೈದು ಗಡುವು. ಅವರೂ ಅದೇ ಪ್ರಶ್ನೆಯ ಮುಂದೆ ಕೂತು ತಿಂಗಳಾಗಿತ್ತಂತೆ. ಅಡುಗೆಮನೆಯ ಗೋಡೆಯನ್ನೂ ಬರೆಯಬೇಕೇ, ನಮ್ಮಲ್ಲಿ ಅಡುಗೆಮನೆಯೇ ಇಲ್ಲವಲ್ಲ ಎಂದು ಒಬ್ಬರು ಕೇಳಿದರು. ನಿಮಗೆ ಬೇಕಾದ ಗೋಡೆ ಬರೆಯಿರಿ ಎಂದರು ಅಜ್ಜಿ.

ನಿನಗೆ ನಮ್ಮ ಬಗ್ಗೆ ನಾಚಿಕೆ ಎಂದು ನಾನು ಇಷ್ಟು ವರ್ಷ ಅಂದುಕೊಂಡಿದ್ದೆ. ತಪ್ಪು ನನ್ನದು.

ಐಲೀನ್


ವಾಷಿಂಗ್ಟನ್
3 ಜೂನ್ 1979

ಅಕ್ಕಾ,

ಆ ಎರಡು ಶಾಲೆಯವರಿಗೆ ಇವತ್ತೇ ಹೇಳಿ ಕಳಿಸು, ಆ ಮೂರು ಸಾಲು ಬರೆಯಬಾರದು. ಪ್ರಶ್ನೆ ಏನು ಕೇಳುತ್ತದೋ ಅದಕ್ಕೇ ಉತ್ತರ ಬರೆಯಲಿ. ಅವರ ಕಡತ ನೋಡುವವನು ನಾನಲ್ಲ, ಬೇರೆಯವನು. ಕಾರಣ ಈಗ ಬರೆಯಲಾರೆ. ದಯವಿಟ್ಟು.

ರೇಮಂಡ್


ಬಿಟರ್ ವಾಶ್
2 ಆಗಸ್ಟ್ 1979

ರೇಮಂಡ್,

ನಿನ್ನ ಜೂನ್ ಕಾಗದವನ್ನು ನಾನು ಯಾರಿಗೂ ತೋರಿಸಲಿಲ್ಲ. ಕಚೇರಿಯಲ್ಲಿದ್ದು ನಿನಗೆ ಪುಕ್ಕಲು ಹತ್ತಿದೆ ಎಂದುಕೊಂಡೆ. ಎರಡು ಶಾಲೆಗಳ ಅರ್ಜಿಯೂ ವಾಪಸಾಯಿತು. ಹದಿನಾಲ್ಕನೆಯ ಪ್ರಶ್ನೆಗೆ ಕೆಂಪು ಗುರುತು. ನಿಮ್ಮದು ಹೇಗೆ ದಾಟಿತು ಎಂದು ಅವರು ಬಂದು ಕೇಳಿದರು. ಅಜ್ಜಿಗೂ ಗೊತ್ತಾಗಲಿಲ್ಲ. ಇಂಗ್ಲಿಷಿಗೆ ಸರಿಯಾಗಿ ತಂದಿರಲಿಕ್ಕಿಲ್ಲ ಎಂದು ನಾನೇ ಹೇಳಿ ಕಳಿಸಿದೆ. ಅದನ್ನು ಅವರಿಗೆ ಇಂಗ್ಲಿಷಿಗೆ ತಂದುಕೊಟ್ಟವಳೂ ನಾನೇ.

ಜುಲೈ ಹನ್ನೊಂದಕ್ಕೆ ಶಾಲೆಯ ಬಾವಿಯ ಪಂಪು ಸುಟ್ಟಿತು. ನೀರಿನ ತಪಾಸಣೆಗೆ ಬಂದವನು ಬಾವಿಯ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಹೋದ, ಕುಡಿಯಲು ಯೋಗ್ಯವಲ್ಲ ಎಂದು ಬರೆದು ಕಳಿಸಿದ. ಪಂಪು ಬದಲಿಸಿ ಬಾವಿ ತೊಳೆಯಲು ಅಕ್ಟೋಬರ್ ಆಗುತ್ತದೆ. ಇಷ್ಟು ನಮಗೆ ನಿಭಾಯಿಸಲಾಗದ್ದೇನಲ್ಲ. ಆದರೆ ನಿನ್ನೆ ಜಿಲ್ಲೆಯ ಅಧಿಕಾರಿಯಿಂದ ಒಂದು ಕಾಗದ ಬಂತು. ನಿಮ್ಮ ಶಾಲೆ ತೆರೆಯುವ ಸ್ಥಿತಿಯಲ್ಲಿಲ್ಲ, ಆದ್ದರಿಂದ ನಿಮ್ಮದೇ ಅರ್ಜಿಯ ಹದಿನಾಲ್ಕನೆಯ ಉತ್ತರದ ಪ್ರಕಾರ ಮಕ್ಕಳನ್ನು ಆಗಸ್ಟ್ ಇಪ್ಪತ್ತೇಳರಂದು ವಸತಿ ಶಾಲೆಗೆ ಸಾಗಿಸಲಾಗುವುದು ಎಂದು. ಉತ್ತರದ ಪ್ರತಿ ಲಗತ್ತಿಸಿದ್ದರು.

ಅದರಲ್ಲಿ ನಮ್ಮ ಮೂರು ಸಾಲು ಇರಲಿಲ್ಲ.

ಓದುವಾಗ ಮೊದಲು ಕಚೇರಿಯವರು ಯಾರೋ ಬರೆದಿರಬೇಕು ಎಂದುಕೊಂಡೆ. ಆಮೇಲೆ ಈ ಸಾಲು ಬಂತು: ಆಗಸ್ಟಿನಲ್ಲಿ ಮೇಲಿನ ರಸ್ತೆ ಮಳೆಗೆ ಕೊಚ್ಚಿಹೋಗುವುದರಿಂದ ಬಸ್ಸು ಕೆಳಗಿನ ದಾರಿ ಹಿಡಿದು ಬರತಕ್ಕದ್ದು, ಹಳ್ಳ ದಾಟುವ ಜಾಗದಲ್ಲಿರುವ ಒಂಟಿ ಕಾಟನ್‌ವುಡ್ ಮರದ ಬಳಿ ಬೆಳಿಗ್ಗೆ ಏಳಕ್ಕೆ ನಿಲ್ಲತಕ್ಕದ್ದು, ಮರದ ಪೂರ್ವಕ್ಕೆ ಮರಳು ಮೆತ್ತಗಿದೆ, ಪಶ್ಚಿಮಕ್ಕೆ ನಿಲ್ಲಿಸುವುದು ಕ್ಷೇಮ, ಹಳ್ಳ ತುಂಬಿದ್ದರೆ ಆಚೆಯ ಮನೆಗಳ ಮಕ್ಕಳನ್ನು ಅಂಗಡಿಯ ಹಿಂದಿನ ಏರಿಯಿಂದ ಕರೆತರಬಹುದು.

ಮರಳು ಪೂರ್ವಕ್ಕೆ ಮೆತ್ತಗಿದೆ ಎಂದು ವಾಷಿಂಗ್ಟನ್ನಿನಲ್ಲಿ ಗೊತ್ತಿರುವವನು ಒಬ್ಬನೇ.

ನಾಲ್ಕು ಹೆಬ್ಬೆಟ್ಟು, ನನ್ನ ಸಹಿ, ಎಲ್ಲ ಕೊನೆಯ ಪುಟದಲ್ಲಿ ಹಾಗೇ ಇವೆ. ಮಧ್ಯದ ಒಂದು ಪುಟ ಮಾತ್ರ ಬೇರೆ. ಎಷ್ಟು ಚೆನ್ನಾಗಿ ಬರೆದಿದ್ದೀಯ. ಯಾರೂ ತೆಗೆದು ಓದುವುದಿಲ್ಲ ಅಂದಿದ್ದೆಯಲ್ಲ, ಓದದ ಕಾಗದಕ್ಕೆ ಇಷ್ಟು ಜಾಗ್ರತೆ ಯಾಕೆ ಬೇಕಿತ್ತು?

ಅಜ್ಜಿಗೆ ಇನ್ನೂ ಓದಿ ಹೇಳಿಲ್ಲ. ಇಪ್ಪತ್ತೈದು ದಿನ ಉಳಿದಿದೆ.

ಐಲೀನ್


ವಾಷಿಂಗ್ಟನ್
10 ಆಗಸ್ಟ್ 1979

ಅಕ್ಕಾ,

ಬರೆದದ್ದು ನಾನು.

ನಿಮ್ಮ ಮೂರು ಸಾಲನ್ನು ಓದಿದಾಗ ನನಗೆ ಮೊದಲು ನಗು ಬಂತು, ಆಮೇಲೆ ಭಯವಾಯಿತು. ಅದನ್ನು ಹಾಗೇ ಮೇಲಕ್ಕೆ ಕಳಿಸಿದ್ದರೆ ಏಪ್ರಿಲಿನಲ್ಲೇ ಮುಗಿಯುತ್ತಿತ್ತು. ನಿಮಗೆ ವಾಪಸ್ ಕಳಿಸಿ ಕೇಳಿದ್ದರೆ ಅಜ್ಜಿ ಇನ್ನೊಂದು ಗೋಡೆ ಸೇರಿಸುತ್ತಿದ್ದರು. ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲರೂ ಹೊರಗೆ ಹೋದರು, ಪುಟ ತೆಗೆದೆ, ಬೇರೆ ಪುಟ ಹಾಕಿದೆ. ಎರಡು ಸಾಲು ಸಾಕಿತ್ತು. 'ಹತ್ತಿರದ ವಸತಿ ಶಾಲೆಗೆ ಬಸ್ಸಿನಲ್ಲಿ ಸಾಗಿಸಲಾಗುವುದು' ಎಂದು ಬರೆದು ನಿಲ್ಲಿಸಬಹುದಿತ್ತು.

ನಿಲ್ಲಿಸಲಾಗಲಿಲ್ಲ. ಕಾಟನ್‌ವುಡ್ ಮರ ಎಂದು ಬರೆದ ಮೇಲೆ ಮರಳು ಬಂತು, ಮರಳಿನ ಮೇಲೆ ಏರಿ ಬಂತು. ಒಂದು ಗಂಟೆ ನಾನು ಆ ಊರಿನಲ್ಲಿದ್ದೆ. ಇಪ್ಪತ್ತು ವರ್ಷದಿಂದ ಈ ಕಚೇರಿಯ ಕಾಗದದಲ್ಲಿ ನನಗೆ ಗೊತ್ತಿರುವ ಒಂದೇ ಒಂದು ಸಂಗತಿಯನ್ನು ಬರೆದಿರಲಿಲ್ಲ. ಇದು ನೆಪ ಎಂದು ನಿನಗೆ ಅನ್ನಿಸಬಹುದು. ನನಗೂ ಅನ್ನಿಸುತ್ತದೆ.

ಈಗ ಕೆಲಸದ ಮಾತು. ಪುಟದ ಮೊದಲ ಸಾಲನ್ನು ಇನ್ನೊಮ್ಮೆ ಓದು. 'ಶಾಲೆ ನಡೆಸಲು ತನ್ನಿಂದ ಆಗದು ಎಂದು ಮಂಡಳಿಯೇ ಸಭೆ ಸೇರಿ, ಬಾಯಿಬಿಟ್ಟು ಹೇಳಿ, ಅಧ್ಯಕ್ಷರು ಗುರುತು ಹಾಕಿಕೊಟ್ಟ ಪಕ್ಷದಲ್ಲಿ ಮಾತ್ರ' ಎಂದಿದೆ. ಅದನ್ನು ಬೇಕೆಂದೇ ಹಾಕಿದೆ. ಅಜ್ಜಿ ಸತ್ತರೂ ಆ ಮಾತು ಆಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವರು ಹೇಳದಿದ್ದರೆ ಆ ಪುಟ ಜಾರಿಗೆ ಬರುವುದೇ ಇಲ್ಲ. ಅಧಿಕಾರಿ ಒಂದು ಅಚ್ಚು ಮಾಡಿದ ಹೇಳಿಕೆ ತರುತ್ತಾನೆ, ಗುರುತು ಕೇಳುತ್ತಾನೆ. ನಯವಾಗಿ ಕೇಳುತ್ತಾನೆ. ಯಾರೂ ಏನೂ ಹೇಳಬಾರದು. ಆಗುವುದಿಲ್ಲ ಎಂದು ಒಬ್ಬರ ಬಾಯಿಂದಲೂ ಬರಬಾರದು, ತಮಾಷೆಗೂ ಬರಬಾರದು. ಬಿಟ್ಸುಯಿಯನ್ನು ಹತ್ತಿರ ಕೂರಿಸಿಕೋ. ಮೊದಲ ದಿನ ಮಕ್ಕಳು ತರಗತಿಯಲ್ಲಿ ಕೂತಿದ್ದು ಹಾಜರಿ ಪುಸ್ತಕದಲ್ಲಿ ಬಿದ್ದರೆ ಉಳಿದದ್ದನ್ನು ನಾನು ಇಲ್ಲಿಂದ ನೋಡಿಕೊಳ್ಳುತ್ತೇನೆ.

ಪುಟ ಬದಲಿಸಿದ್ದು ನಾನೇ ಎಂದು ಹೋಗಿ ಹೇಳು ಎಂದರೆ ಹೇಳುತ್ತೇನೆ. ಹೇಳಿದರೆ ಪುಟ ಬೀಳುತ್ತದೆ, ಪುಟದ ಜೊತೆ ಆ ಮೊದಲ ಸಾಲೂ ಬೀಳುತ್ತದೆ, ಒಪ್ಪಂದವೂ ಬೀಳಬಹುದು. ತೀರ್ಮಾನ ನಿನ್ನದು.

ರೇಮಂಡ್


ಬಿಟರ್ ವಾಶ್
16 ಸೆಪ್ಟೆಂಬರ್ 1979

ರೇಮಂಡ್,

ಹೇಳಬೇಡ. ಇದನ್ನು ಬರೆಯಲು ಐದು ವಾರ ಹಿಡಿಯಿತು. ಆ ಎರಡು ಶಾಲೆಗಳವರ ಮುಖ ನೆನಪಾದಾಗಲೆಲ್ಲ ಪೆನ್ನು ಕೆಳಗಿಟ್ಟೆ. ಈಗ ನಿನ್ನ ಪುಟದ ಕೆಳಗೆ ನನ್ನ ಸಹಿ ನಿಜಕ್ಕೂ ನನ್ನದೇ.

ಜಿಲ್ಲೆಯ ಅಧಿಕಾರಿ ಆಗಸ್ಟ್ ಇಪ್ಪತ್ತನಾಲ್ಕಕ್ಕೆ ಬಂದ. ಚಾಪ್ಟರ್ ಮನೆ ತುಂಬಿತ್ತು. ಅಜ್ಜಿಗೆ ನಾನು ಮೊದಲೇ ಹೇಳಿದ್ದು ಇಷ್ಟು: ಅವನು ಒಂದು ಮಾತು ಕೇಳಲು ಬರುತ್ತಾನೆ, ಅದನ್ನು ಕೊಡಬೇಡಿ. ಯಾವ ಮಾತು ಎಂದು ಅವರು ಕೇಳಲಿಲ್ಲ.

ಅವನು ಹೇಳಿಕೆಯನ್ನು ಮೇಜಿನ ಮೇಲೆ ಹರಡಿದ, ಶಾಯಿಯ ಡಬ್ಬಿಯ ಮುಚ್ಚಳವನ್ನೂ ತೆಗೆದಿಟ್ಟ. ನೀರಿಲ್ಲದ ಶಾಲೆ ನಡೆಸಲು ನಿಮ್ಮಿಂದ ಆಗುತ್ತದೆಯೇ ಎಂದು ಕೇಳಿದ. ನಾನು ನಮ್ಮ ಮಾತಿಗೆ ತಂದೆ. ಅಜ್ಜಿ ಸುಮ್ಮನೆ ಕೂತರು. ಕೆಲವರು ಕಾಫಿ ಕುಡಿದರು. ಅವನು ಮತ್ತೆ ಕೇಳಿದ, ನಾನು ಮತ್ತೆ ತಂದೆ. ಆಗ ಅಜ್ಜಿ ತಾವು ಎಂಟು ವರ್ಷದವರಿದ್ದಾಗ ಗಾಳಿಯಂತ್ರದ ಬಾವಿಯಿಂದ ಕುರಿಗಳಿಗೆ ನೀರು ತಂದ ಕಥೆ ಶುರು ಮಾಡಿದರು. ಎಷ್ಟು ಕುರಿ, ಯಾವ ಕುರಿಯ ಕಾಲು ಕುಂಟು, ಎಲ್ಲ ಬಂತು. ಅಧಿಕಾರಿಗೆ ಸಾಲು ಸಾಲಾಗಿ ಇಂಗ್ಲಿಷಿನಲ್ಲಿ ಹೇಳಿದೆ, ಕುಂಟು ಕುರಿಯನ್ನೂ ಬಿಡಲಿಲ್ಲ. ಬಿಟ್ಸುಯಿ ಒಮ್ಮೆ ಬಾಯಿ ತೆರೆದರು, ನಾನು ಅವರ ಬೂಟನ್ನು ತುಳಿದೆ, ಕೆಮ್ಮಿ ಸುಮ್ಮನಾದರು. ನಾಲ್ಕು ಗಂಟೆ ಕಳೆದವು. ಅವನ ಶಾಯಿ ಒಣಗಿತು. ಎದ್ದು ಹೋಗುವಾಗ ನನ್ನ ಕಡೆ ತಿರುಗಿ, ಇವರಿಗೆ ಪ್ರಶ್ನೆ ಅರ್ಥವಾಗಲಿಲ್ಲ ಎಂದು ಬರೆದುಕೊಳ್ಳುತ್ತೇನೆ ಎಂದ. ಬರೆದುಕೊಳ್ಳಿ ಎಂದೆ.

ಇಪ್ಪತ್ತೇಳಕ್ಕೆ ಶಾಲೆ ತೆರೆಯಿತು. ಹನ್ನೊಂದು ಮೈಲಿ ದೂರದ ಅದೇ ಗಾಳಿಯಂತ್ರದಿಂದ ಏಳು ಪಿಕಪ್ಪುಗಳಲ್ಲಿ ಪೀಪಾಯಿ ತುಂಬಿ ತಂದೆವು. ಡೋಲನ್ ಹಾಜರಿ ಕರೆದರು. ಅರವತ್ತೊಂದು.

ಆ ಅಧಿಕಾರಿ ಸಹಿಗೆ ಮೊದಲೇ ಬಸ್ಸಿಗೆ ಹೇಳಿಬಿಟ್ಟಿದ್ದ, ಮನೆಗಳಿಗೆ ಕಾಗದವನ್ನೂ ಹಾಕಿದ್ದ. ನಾವು ಮನೆ ಮನೆಗೆ ಹೋಗಿ ಬಸ್ಸು ಹತ್ತಿಸಬೇಡಿ ಎಂದು ಹೇಳಿದ್ದೆವು. ಹಿಂದಿನ ಮೂರು ದಿನ ಹಳ್ಳ ತುಂಬಿತ್ತು, ಪಿಕಪ್ಪುಗಳೆಲ್ಲ ನೀರಿನ ಕೆಲಸದಲ್ಲಿದ್ದವು, ಏರಿ ಸುತ್ತಿ ಆಚೆಗೆ ಹೋಗಲಾಗಲಿಲ್ಲ. ಬಸ್ಸಿಗೆ ಆ ತೊಂದರೆ ಇರಲಿಲ್ಲ. ಅಂಗಡಿಯ ಹಿಂದಿನ ಏರಿ ಅದಕ್ಕೆ ಗೊತ್ತಿತ್ತು. ಎಲ್ಸಿ ಕಾಗದದಲ್ಲಿ ಹೇಳಿದಂತೆ ಮಗುವಿಗೆ ಜಡೆ ಹಾಕಿ, ಬಟ್ಟೆ ಗಂಟು ಕಟ್ಟಿ ಕಾಯುತ್ತಿದ್ದಳು. ಮಂಡಳಿಯೇ ಕಳಿಸಿದ ಕಾಗದ ಎಂದುಕೊಂಡಿದ್ದಳು. ತೋರಿಸಿದಲ್ಲಿ ಹೆಬ್ಬೆಟ್ಟು ಒತ್ತಿದಳು. ಲುಸೀಟಾ ಮತ್ತು ಪಕ್ಕದ ಮನೆಯ ಇಬ್ಬರು ಹುಡುಗಿಯರು ಹೋದರು.

ಮಾರನೆಯ ದಿನ ಅಜ್ಜಿ ಆ ಪುಟವನ್ನು ಓದು ಎಂದರು. ಮೊದಲ ಸಾಲನ್ನು ನಾನು ಓದಲಿಲ್ಲ. ದಾರಿ ಮಾತ್ರ ಓದಿದೆ: ಕೆಳಗಿನ ರಸ್ತೆ, ಒಂಟಿ ಮರ, ಪೂರ್ವದ ಮೆತ್ತನೆಯ ಮರಳು, ಏರಿ. ಕಣ್ಣು ಮುಚ್ಚಿ ಕೇಳಿದರು. ಯಾರು ಬರೆದದ್ದು ಎಂದು ನಾನು ಹೇಳಿಲ್ಲ, ಅವರು ಕೇಳಲೂ ಇಲ್ಲ.

"ಇದನ್ನ ಬರೆದೋನು ಮನೆ ಬಿಟ್ಟು ತುಂಬಾ ದಿನ ಆಗಿದೆ," ಎಂದರು. ಕಣ್ಣು ತೆರೆದು, "ಬರೋಕೆ ಹೇಳು. ನೀರು ಹೊರೋಕೆ ಜನ ಸಾಲದು."

ಹೇಳಿದ್ದೇನೆ.

ಐಲೀನ್


ಬಿಟರ್ ವಾಶ್
28 ಅಕ್ಟೋಬರ್ 1979

ರೇಮಂಡ್,

ನಿನ್ನ ಕೊನೆಯ ಕಾಗದ ಬಂದು ಹತ್ತು ವಾರವಾಯಿತು. ನಾನು ಕಳಿಸಿದ್ದು ವಾಪಸ್ ಬಂದಿಲ್ಲ, ಅಂದರೆ ಯಾರೋ ತೆಗೆದುಕೊಂಡಿದ್ದಾರೆ. ಉಳಿದದ್ದನ್ನು ಇಲ್ಲಿಂದ ನೋಡಿಕೊಳ್ಳುತ್ತೇನೆ ಎಂದಿದ್ದೆ. ನೋಡಿಕೊಂಡಿರಬೇಕು, ಅಧಿಕಾರಿ ಮತ್ತೆ ಬರಲಿಲ್ಲ. ಹೊಸ ಪಂಪು ಹೋದ ವಾರ ಕೂತಿತು. ಅಡುಗೆಮನೆಯ ಗೋಡೆಗೆ ಕಲ್ಲು ಬಂದು ಬಿದ್ದಿದೆ. ಬಿಟ್ಸುಯಿ ಬೂಟಿಗೆ ಹೊಸ ಅಟ್ಟೆ ಹಾಕಿಸಿಕೊಡು ಎಂದು ನನ್ನನ್ನು ಪೀಡಿಸುತ್ತಿದ್ದಾರೆ.

ನಿನ್ನೆ ಎಲ್ಸಿಯ ಜೊತೆ ಆ ಶಾಲೆಗೆ ಹೋದೆ. ಇಪ್ಪತ್ತೊಂಬತ್ತು ವರ್ಷದ ಮೇಲೆ. ಬಾಗಿಲಿಗೆ ಬೇರೆ ಬಣ್ಣ ಹೊಡೆದಿದ್ದಾರೆ. ಮಕ್ಕಳನ್ನು ಕರೆದುಕೊಂಡು ಹೋಗುತ್ತೇವೆ ಎಂದೆವು. ಮೇಜಿನ ಹಿಂದಿದ್ದ ಹೆಂಗಸು ಕೆಟ್ಟವಳಲ್ಲ, ನಿಜಕ್ಕೂ ಕಡತವನ್ನೆಲ್ಲ ಹುಡುಕಿದಳು. ಬಿಟರ್ ವಾಶ್ ಮಂಡಳಿಯ ಸಾಗಣೆ ಯೋಜನೆಯ ಕೆಳಗೆ ದಾಖಲಾದ ಮಕ್ಕಳು ಇವರು, ವಾಪಸ್ ಕಳಿಸುವುದಾದರೆ ಅದೇ ಯೋಜನೆಯಲ್ಲಿ ಅದಕ್ಕೊಂದು ದಾರಿ ಇರಬೇಕಿತ್ತು ಎಂದಳು. ಪುಟವನ್ನು ನನ್ನ ಕಡೆ ತಿರುಗಿಸಿ, ನೀವೇ ನೋಡಿ, ಇಲ್ಲಿ ಹೋಗುವುದು ಮಾತ್ರ ಇದೆ ಎಂದಳು. ನೋಡಿದೆ. ಕಡತದ ಕೊನೆಯ ಪುಟದಲ್ಲಿ ನನ್ನದೇ ಸಹಿ. ಅದನ್ನು ನಾವು ಬರೆದದ್ದಲ್ಲ ಎಂಬ ಮಾತು ಬಾಯಿಗೆ ಬಂದಿತ್ತು. ಎಲ್ಸಿ ನನ್ನ ಮುಖವನ್ನೇ ನೋಡುತ್ತಿದ್ದಳು. ಇನ್ನುಳಿದ ಅರವತ್ತೊಂದು ಮಕ್ಕಳನ್ನು ನೆನೆಸಿಕೊಂಡು ಸುಮ್ಮನಾದೆ.

ಲುಸೀಟಾಳನ್ನು ಹತ್ತು ನಿಮಿಷದ ಮಟ್ಟಿಗೆ ಕರೆತಂದರು. ಜಡೆ ಇಲ್ಲ. ಎಲ್ಸಿ ತೆನೆಯ ಸಿಪ್ಪೆಯಲ್ಲಿ ಸುತ್ತಿ ಸುಟ್ಟು ತಂದಿದ್ದ ಮೆಕ್ಕೆಜೋಳದ ರೊಟ್ಟಿಯನ್ನು ತಿಂದಳು, ಅಂಟಿದ ಸಿಪ್ಪೆಯನ್ನು ಬಿಡಿಸಿ ಮಡಿಸಿಟ್ಟುಕೊಂಡಳು. ಎರಡು ಭಾಷೆಯಲ್ಲೂ ಕೇಳಿದೆವು, ಯಾವುದರಲ್ಲೂ ಉತ್ತರ ಹೇಳಲಿಲ್ಲ. ಎಲ್ಲಿ ಮಲಗುತ್ತೀಯ ಎಂದಾಗ ನಮ್ಮವರು ತೋರಿಸುವ ಹಾಗೆ ತುಟಿ ಮುಂದೆ ಮಾಡಿ ಕಿಟಕಿಯಾಚೆ ತೋರಿಸಿದಳು. ಆಮೇಲೆ ಬಾಗಿಲ ಕಡೆ ನೋಡಿ, ತುಟಿ ಒಳಗೆಳೆದುಕೊಂಡು, ಬೆರಳಿನಿಂದ ತೋರಿಸಿದಳು.

ಹೊರಡುವಾಗ ಮಾತ್ರ ನನ್ನ ತೋಳು ಹಿಡಿದು ಬಗ್ಗಿಸಿ, ಮಾವನನ್ನು ಕೇಳಿ ಹೇಳು ಎಂದು ಕಿವಿಯಲ್ಲಿ ಒಂದು ಮಾತು ಕೇಳಿದಳು. ಅದಕ್ಕೆ ಉತ್ತರ ಹುಡುಕುತ್ತ, ಮನೆಗೆ ಬಂದು ಆ ಪುಟದ ನಮ್ಮ ಪ್ರತಿಯನ್ನು ಮತ್ತೆ ಓದಿದೆ. ಬಸ್ಸು ಎಲ್ಲಿ ನಿಲ್ಲಬೇಕು, ಎಷ್ಟು ಗಂಟೆಗೆ, ಮರದ ಯಾವ ಕಡೆಗೆ, ಹಳ್ಳ ತುಂಬಿದರೆ ಯಾವ ದಾರಿ, ಎಲ್ಲ ಇದೆ. ಕೆಳಗೆ ಅರ್ಧ ಪುಟ ಖಾಲಿ ಬಿಟ್ಟಿದ್ದೀಯ. ನೀನೂ ಅದೇ ಮರದ ಕೆಳಗೆ ಹತ್ತಿದವನು, ಆರು ವರ್ಷಕ್ಕೆ, ನನ್ನ ಕೈ ಹಿಡಿದುಕೊಂಡು. ಅವಳು ಕೇಳಿದ್ದನ್ನು ಹಾಗೆಯೇ ಬರೆಯುತ್ತಿದ್ದೇನೆ, ಗೊತ್ತಿದ್ದರೆ ನೀನೇ ಹೇಳು.

ಮಾವ, ಬಸ್ಸು ವಾಪಸ್ ಯಾವತ್ತು ಬರುತ್ತೆ?